ಯೀಸ್ಟ್ ಕೊಬ್ಬು, ನ್ಯಾನೋ ಸುಣ್ಣ, ಬಯೋಡೀಸೆಲ್: ಲ್ಯಾಬಿನಲ್ಲಿ ಮಾಡುವುದು ಹೇಗೆ

ಬಯೋಟೆಕ್ ಎಂಜಿನಿಯರಿಂಗ್ ಅಥವಾ ಎಂಎಸ್ಸಿ ಕೊನೇ ಸೆಮಿಸ್ಟರಿನ ಪ್ರಾಜೆಕ್ಟಿಗೆ ಈ ವಿಷಯ ಹಿಡಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ವಿಷಯ ಇಷ್ಟು: ಯೀಸ್ಟ್ ಸಕ್ಕರೆ ತಿಂದು ಕೂಡಿಟ್ಟ ಕೊಬ್ಬನ್ನು ಎಣ್ಣೆಯಾಗಿ ತೆಗೆದು, ನ್ಯಾನೋ ಸುಣ್ಣವನ್ನು (ಕ್ಯಾಲ್ಸಿಯಂ ಆಕ್ಸೈಡ್) ಕ್ಯಾಟಲಿಸ್ಟ್ ಆಗಿ, ಅಂದರೆ ರಿಯಾಕ್ಷನ್ ಚುರುಕು ಮಾಡಲು ಹಾಕಿ, ಮೆಥನಾಲ್ ಜೊತೆ ಬಿಸಿಮಾಡಿದರೆ ಮೀಥೈಲ್ ಎಸ್ಟರ್ ಆಗುತ್ತದೆ. ಅದೇ ಬಯೋಡೀಸೆಲ್. ಗೈಡ್ ಒಪ್ಪಿದ್ದಾರೆ, ಟೈಟಲ್ ಚೆನ್ನಾಗಿದೆ. ಲ್ಯಾಬಿಗೆ ಹೋಗಿ ಮೊದಲು ಏನು ಮಾಡಬೇಕು ಅನ್ನುವುದೇ ಗೊತ್ತಿಲ್ಲ, ಅಲ್ವಾ?

ಟೈಟಲ್‌ನಲ್ಲಿ ‘ನ್ಯಾನೋ’ ಇದ್ದರೆ ಎಲ್ಲರ ಕಣ್ಣೂ ಕ್ಯಾಟಲಿಸ್ಟ್ ಮೇಲೇ ಇರುತ್ತದೆ. ಪುಡಿ ಮಾಡುವುದು, ಎಕ್ಸ್‌ಆರ್‌ಡಿಗೆ (ಎಕ್ಸ್-ರೇಯಿಂದ ಹರಳಿನ ರಚನೆ ನೋಡುವ ಪರೀಕ್ಷೆ) ಕಳಿಸುವುದು, ಎಸ್‌ಇಎಂ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಫೋಟೋಗೆ ಕಾಯುವುದು, ಇದರಲ್ಲೇ ಅರ್ಧ ಸೆಮಿಸ್ಟರ್ ಕಳೆದುಹೋಗುತ್ತದೆ. ಕೊನೆಯಲ್ಲಿ ಅವಸರವಾಗಿ ತೆಗೆದ ಯೀಸ್ಟ್ ಎಣ್ಣೆಯಲ್ಲಿ ನೀರು ಇರುತ್ತದೆ, ಬಿಡಿ ಫ್ಯಾಟಿ ಆಸಿಡ್ (ಕೊಬ್ಬು ಒಡೆದು ಬಿಡಿಯಾದದ್ದು, ಸುಣ್ಣ ಸೇರಿದರೆ ಸೋಪಾಗುತ್ತದೆ) ಇರುತ್ತದೆ, ಅಂಟು ಇರುತ್ತದೆ. ಅದಕ್ಕೆ ಎಂಥ ಒಳ್ಳೇ ಕ್ಯಾಟಲಿಸ್ಟ್ ಹಾಕಿದರೂ ಫ್ಲಾಸ್ಕಿನಲ್ಲಿ ಸಿಗುವುದು ಸೋಪು. ಹಾಗಾಗಿ ನಾನು ಉಲ್ಟಾ ಹೇಳುತ್ತೇನೆ. ಕ್ಯಾಟಲಿಸ್ಟ್ ಈ ಕೆಲಸದ ಸುಲಭದ ಭಾಗ. ಎಣ್ಣೆಯನ್ನು ಒಣಗಿಸಿ, ಶುದ್ಧ ಮಾಡಿ ಇಟ್ಟುಕೊಳ್ಳುವುದೇ ಕಷ್ಟದ ಭಾಗ. ಟೈಮ್ ಅಲ್ಲಿಗೆ ಕೊಡಿ.

ಇನ್ನೊಂದು ಮಾತು ಮೊದಲೇ. ಇದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಮೆಥನಾಲ್ ಕುಡಿದರೆ ಮಾತ್ರ ವಿಷ ಅಂದುಕೊಳ್ಳಬೇಡಿ, ಅದರ ಆವಿಯೂ ಚರ್ಮಕ್ಕೆ ತಾಗಿದ್ದೂ ಒಳಗೆ ಹೋಗುತ್ತದೆ, ಕಣ್ಣಿನ ನರವನ್ನೇ ಹಾಳು ಮಾಡುತ್ತದೆ. ಅದರ ಬೆಂಕಿ ಹಗಲಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಫ್ಯೂಮ್ ಹುಡ್, ಕನ್ನಡಕ, ಗ್ಲೌಸ್ ಇಲ್ಲದೆ ಶುರು ಮಾಡಬೇಡಿ. ಒಣ ನ್ಯಾನೋ ಪುಡಿ ತೂಗುವಾಗ ಎನ್95 ಮಾಸ್ಕ್ ಹಾಕಿ.

ಮೊದಲು ಲೆಕ್ಕ

ಒಂದು ಲೀಟರ್ ಮೀಡಿಯಾದಲ್ಲಿ (ಯೀಸ್ಟ್ ಬೆಳೆಸುವ ಆಹಾರದ ದ್ರವ) 60 ಗ್ರಾಂ ಗ್ಲೂಕೋಸ್ ಹಾಕಿ ಬೆಳೆಸಿದರೆ ಸುಮಾರು 10 ಗ್ರಾಂ ಒಣ ಯೀಸ್ಟ್ ಸಿಗಬಹುದು. ಎಲ್ಲ ಸರಿಹೋದರೆ ಅದರಲ್ಲಿ ಅರ್ಧದಷ್ಟು ಕೊಬ್ಬು. ತೆಗೆಯುವಾಗ ಸ್ವಲ್ಪ ಹೋಗುತ್ತದೆ. ಅಂದರೆ ಲೀಟರಿಗೆ 4 ಗ್ರಾಂ ಎಣ್ಣೆ ಅಂತ ಇಟ್ಟುಕೊಳ್ಳಿ. ಒಂದು ರಿಯಾಕ್ಷನ್‌ಗೆ 10 ಗ್ರಾಂ ಎಣ್ಣೆ ಬೇಕಾದರೆ ಎರಡೂವರೆ ಲೀಟರ್ ಬೆಳೆಸಬೇಕು. ಈ ಯೀಸ್ಟಿಗೆ ಗಾಳಿ ಜಾಸ್ತಿ ಬೇಕು, ಹಾಗಾಗಿ 500 ಎಂಎಲ್ ಫ್ಲಾಸ್ಕಿನಲ್ಲಿ 100 ಎಂಎಲ್‌ಗಿಂತ ಹೆಚ್ಚು ತುಂಬುವಂತಿಲ್ಲ. 25 ಫ್ಲಾಸ್ಕ್ ಆಯಿತು! ಕಾಲೇಜಿನ ಒಂದು ಶೇಕರ್‌ನಲ್ಲಿ ಅಷ್ಟು ಹಿಡಿಯುವುದಿಲ್ಲ. ಎರಡು ಮೂರು ಸಲ ಬೆಳೆಸಿ ಎಣ್ಣೆ ಕೂಡಿಸಿ, ಇಲ್ಲವಾದರೆ 3 ಅಥವಾ 5 ಲೀಟರಿನ ಫರ್ಮೆಂಟರ್ ಇರುವ ಡಿಪಾರ್ಟ್‌ಮೆಂಟ್‌ನವರನ್ನು ಈಗಲೇ ಕೇಳಿಕೊಳ್ಳಿ.

ಇದರಿಂದ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಯೀಸ್ಟ್ ಎಣ್ಣೆ ಬಲು ದುಬಾರಿ, ಅದರ ಮೇಲೆ ಕೈ ಪಳಗಿಸಬಾರದು. ಕ್ಯಾಟಲಿಸ್ಟ್ ಸರಿಯಿದೆಯಾ, ಟೆಂಪರೇಚರ್ ಎಷ್ಟಿರಬೇಕು ಅನ್ನುವುದೆಲ್ಲ ಅಂಗಡಿಯ ಸೂರ್ಯಕಾಂತಿ ಎಣ್ಣೆಯ ಮೇಲೆ ನೋಡಿಕೊಳ್ಳಿ. ಸ್ವಲ್ಪ ಕಷ್ಟದ ಪರೀಕ್ಷೆ ಬೇಕು ಅನಿಸಿದರೆ ಹೊಂಗೆ ಎಣ್ಣೆ ಇದೆ. ಅದರಲ್ಲಿ ಬಿಡಿ ಫ್ಯಾಟಿ ಆಸಿಡ್ ಜಾಸ್ತಿ, ಹಾಗಾಗಿ ಯೀಸ್ಟ್ ಎಣ್ಣೆ ಕೊಡುವ ತೊಂದರೆಯನ್ನೇ ಅದೂ ಕೊಡುತ್ತದೆ. ನಮ್ಮಲ್ಲಿ ಹಾಸನದ ಬಯೋಫ್ಯೂಯಲ್ ಪಾರ್ಕ್ ಸೇರಿ ಹಲವು ಕಡೆ ಹೊಂಗೆ ಎಣ್ಣೆಯ ಮೇಲೆ ಕೆಲಸ ಆಗಿರುವುದರಿಂದ ಹೋಲಿಸಿ ನೋಡಲು ಅಂಕಿಅಂಶವೂ ಸಿಗುತ್ತದೆ.

ಯಾವ ಯೀಸ್ಟ್?

ಬ್ರೆಡ್ ಯೀಸ್ಟ್ ಬೇಡ. ಅದು ಸಕ್ಕರೆ ಜಾಸ್ತಿ ಕಂಡರೆ ಆಲ್ಕೋಹಾಲ್ ಮಾಡುತ್ತದೆ, ಕೊಬ್ಬು ಕೂಡಿಡುವುದಿಲ್ಲ. ಒಣ ತೂಕದಲ್ಲಿ 20 ಶೇಕಡಕ್ಕಿಂತ ಹೆಚ್ಚು ಕೊಬ್ಬು ಕೂಡಿಡುವ ಯೀಸ್ಟ್‌ಗಳನ್ನು ಮಾತ್ರ ಎಣ್ಣೆ ಯೀಸ್ಟ್ ಅನ್ನುತ್ತಾರೆ. ಹೆಚ್ಚು ಕೇಳಿಬರುವ ಹೆಸರು ನಾಲ್ಕು: ರೋಡೋಟೊರುಲಾ ಟೊರುಲಾಯ್ಡಿಸ್, ಯಾರೋವಿಯಾ ಲಿಪೊಲಿಟಿಕಾ, ಲಿಪೊಮೈಸಿಸ್ ಸ್ಟಾರ್ಕಿ, ಕ್ಯುಟೇನಿಯೋಟ್ರೈಕೋಸ್ಪೊರಾನ್ ಓಲಿಯಾಜಿನೋಸಸ್. ಕೊನೆಯದು ಹಾಲಿನ ಸಕ್ಕರೆಯನ್ನೂ ತಿನ್ನುತ್ತದೆ, ಪನೀರ್ ಮಾಡಿ ಉಳಿದ ನೀರಿನಲ್ಲಿ ಬೆಳೆಸಬೇಕು ಅಂತಿದ್ದರೆ ಅದು. ಯಾರೋವಿಯಾ ಮೇಲೆ ಪ್ರಪಂಚದಲ್ಲಿ ಬೇಕಾದಷ್ಟು ಕೆಲಸ ಆಗಿದೆ, ಆದರೆ ಅದರ ಸಹಜ ತಳಿಗೆ ಸುಕ್ರೋಸ್ ಒಡೆಯಲು ಬರುವುದಿಲ್ಲ. ಕಾಕಂಬಿ, ಬೆಲ್ಲದ ನೀರಿನಲ್ಲಿ ಹಾಕಿ ಬೆಳೆಯಲಿಲ್ಲ ಅಂತ ಗೋಳಾಡಬೇಡಿ.

ಹೊಸಬರಿಗೆ ನನ್ನ ಸಲಹೆ ರೋಡೋಟೊರುಲಾ ಟೊರುಲಾಯ್ಡಿಸ್. ಹಳೇ ಪೇಪರುಗಳಲ್ಲಿ ಇದೇ ರೋಡೋಸ್ಪೊರಿಡಿಯಂ ಅಂತ ಇರುತ್ತದೆ. ಗ್ಲೂಕೋಸ್, ಸುಕ್ರೋಸ್, ಗ್ಲಿಸರಾಲ್ ಎಲ್ಲವನ್ನೂ ತಿನ್ನುತ್ತದೆ. ಕಾಲನಿ ಕಿತ್ತಳೆ ಮಿಶ್ರಿತ ಗುಲಾಬಿ ಬಣ್ಣ ಇರುವುದರಿಂದ ಪ್ಲೇಟಿನಲ್ಲಿ ಬೇರೇನಾದರೂ ಸೇರಿಕೊಂಡರೆ ತಕ್ಷಣ ಗೊತ್ತಾಗುತ್ತದೆ, ಅದೊಂದು ದೊಡ್ಡ ಅನುಕೂಲ. ಆ ಬಣ್ಣ ಕ್ಯಾರೊಟಿನಾಯ್ಡ್‌ಗಳದ್ದು, ಎಣ್ಣೆಗೂ ಬರುತ್ತದೆ. ಗಾಬರಿಯಾಗಬೇಡಿ. ತಳಿಯನ್ನು ಸೂಕ್ಷ್ಮಜೀವಿಗಳ ಸಂಗ್ರಹಗಳಾದ ಚಂಡೀಗಢದ ಎಂಟಿಸಿಸಿ ಅಥವಾ ಪುಣೆಯ ಎನ್‌ಸಿಐಎಂನಿಂದ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ತರಿಸಿಕೊಳ್ಳಬಹುದು.

ಹೊಟ್ಟೆಗೆ ಹಾಕಿ, ಸಾರಜನಕ ಕೊಡಬೇಡಿ

ಯೀಸ್ಟ್ ಕೊಬ್ಬು ಕೂಡಿಡುವುದು ಸಕ್ಕರೆ ಇದ್ದು ಸಾರಜನಕ ಮುಗಿದಾಗ. ಹೊಸ ಕೋಶ ಕಟ್ಟಲು ಪ್ರೋಟೀನ್ ಬೇಕು, ಅದಕ್ಕೆ ಸಾರಜನಕ ಬೇಕು. ಇಟ್ಟಿಗೆ ಮುಗಿದ ಮೇಲೂ ಲೋಡುಗಟ್ಟಲೆ ಮರಳು ಬರುತ್ತಿದ್ದರೆ ಮೇಸ್ತ್ರಿ ಅದನ್ನು ಮೂಲೆಯಲ್ಲಿ ರಾಶಿ ಹಾಕಿಸುತ್ತಾನಲ್ಲ, ಹಾಗೆ ಯೀಸ್ಟ್ ಸಕ್ಕರೆಯನ್ನು ಎಣ್ಣೆ ಮಾಡಿ ಇಡುತ್ತದೆ. ಒಳಗೆ ನಡೆಯುವುದು ಇಷ್ಟು: ಸಾರಜನಕ ಮುಗಿದಾಗ ಕೋಶದಲ್ಲಿ ಎಎಂಪಿ ಅನ್ನುವ ಸಣ್ಣ ಅಣು ಕಮ್ಮಿಯಾಗುತ್ತದೆ, ಮೈಟೊಕಾಂಡ್ರಿಯಾದಲ್ಲಿ ಐಸೊಸಿಟ್ರೇಟ್ ಡಿಹೈಡ್ರೋಜಿನೇಸ್ ಅನ್ನುವ ಕಿಣ್ವ ನಿಧಾನವಾಗುತ್ತದೆ, ಸಿಟ್ರೇಟ್ ತುಂಬಿಕೊಂಡು ಹೊರಗೆ ಬರುತ್ತದೆ, ಎಟಿಪಿ ಸಿಟ್ರೇಟ್ ಲಯೇಸ್ ಅನ್ನುವ ಇನ್ನೊಂದು ಕಿಣ್ವ ಅದನ್ನು ಒಡೆದು ಅಸಿಟೈಲ್ ಕೋ-ಎ ಮಾಡುತ್ತದೆ, ಅದರಿಂದ ಫ್ಯಾಟಿ ಆಸಿಡ್. ವೈವಾದಲ್ಲಿ ಕೇಳುವ ಪ್ರಶ್ನೆ ಇದೇ, ನೆನಪಿಟ್ಟುಕೊಳ್ಳಿ.

ಈಗ ಮೀಡಿಯಾ. ಕಾರ್ಬನ್-ಸಾರಜನಕ ಅನುಪಾತ ಮೋಲ್ ಲೆಕ್ಕದಲ್ಲಿ 80 ಇಟ್ಟುಕೊಳ್ಳೋಣ. 60 ಗ್ರಾಂ ಗ್ಲೂಕೋಸ್‌ನಲ್ಲಿ 24 ಗ್ರಾಂ ಕಾರ್ಬನ್, ಅಂದರೆ 2 ಮೋಲ್. 80ರಿಂದ ಭಾಗಿಸಿದರೆ ಸಾರಜನಕ 0.025 ಮೋಲ್, 0.35 ಗ್ರಾಂ. 1 ಗ್ರಾಂ ಯೀಸ್ಟ್ ಎಕ್ಸ್‌ಟ್ರಾಕ್ಟ್‌ನಿಂದ ಸುಮಾರು 0.1 ಗ್ರಾಂ ಬರುತ್ತದೆ. ಉಳಿದ 0.25 ಗ್ರಾಂಗೆ ಅಮೋನಿಯಂ ಸಲ್ಫೇಟ್, ಅದರಲ್ಲಿ ಸಾರಜನಕ 21 ಶೇಕಡ, ಹಾಗಾಗಿ 1.2 ಗ್ರಾಂ ಸಾಕು. ಇದರ ಜೊತೆ ಲೀಟರಿಗೆ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 1 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 1 ಗ್ರಾಂ. ಪಿಹೆಚ್ 5.5ರಿಂದ 6. ಬಾಟಲಿ ಮೇಲೆ ಗ್ಲೂಕೋಸ್ ಮೊನೊಹೈಡ್ರೇಟ್ ಅಂತಿದ್ದರೆ 60ರ ಬದಲು 66 ಗ್ರಾಂ ತೂಗಿ. ಸಕ್ಕರೆಯನ್ನು ಬೇರೆ ಫ್ಲಾಸ್ಕಿನಲ್ಲೇ ಆಟೋಕ್ಲೇವ್ ಮಾಡಿ, 121 ಡಿಗ್ರಿ, 15 ನಿಮಿಷ. ಎಲ್ಲ ಒಟ್ಟಿಗೆ ಹಾಕಿದರೆ ಕಂದುಬಣ್ಣಕ್ಕೆ ತಿರುಗುತ್ತದೆ, ಸಕ್ಕರೆ ಮತ್ತು ಅಮೈನೋ ಆಸಿಡ್ ಒಂದಕ್ಕೊಂದು ಕೂಡಿಕೊಳ್ಳುವುದರಿಂದ.

ಇಷ್ಟು ಕಷ್ಟಪಟ್ಟು ಲೆಕ್ಕ ಹಾಕಿ, ಇನಾಕ್ಯುಲಂ (ಮೊದಲೇ ಬೆಳೆಸಿಟ್ಟ ಯೀಸ್ಟ್, ಮೊಸರಿಗೆ ಹೆಪ್ಪಿನ ಹಾಗೆ) ಹಾಕುವಾಗ ಅದನ್ನೆಲ್ಲ ಕೆಡಿಸಿಕೊಳ್ಳುವವರೇ ಜಾಸ್ತಿ. ಅದನ್ನು ಬೆಳೆಸುವ ವೈಪಿಡಿ ಮೀಡಿಯಾದಲ್ಲಿ ಲೀಟರಿಗೆ 10 ಗ್ರಾಂ ಯೀಸ್ಟ್ ಎಕ್ಸ್‌ಟ್ರಾಕ್ಟ್, 20 ಗ್ರಾಂ ಪೆಪ್ಟೋನ್ ಇರುತ್ತದೆ. ಸಾರಜನಕ ಹತ್ತಿರ ಹತ್ತಿರ 4 ಗ್ರಾಂ! ಆ ಕಲ್ಚರನ್ನು ಹಾಗೇ 10 ಶೇಕಡ ಸುರಿದರೆ ನೀವು ಅಳೆದು ಇಟ್ಟ ಸಾರಜನಕ ದುಪ್ಪಟ್ಟಾಯಿತು. ಆಮೇಲೆ ಯೀಸ್ಟ್ ಚೆನ್ನಾಗಿ ಬೆಳೆದಿದೆ, ಕೊಬ್ಬು ಮಾತ್ರ ಇಲ್ಲ ಅಂತ ಕೂರಬೇಕಾಗುತ್ತದೆ. 24 ಗಂಟೆ ಬೆಳೆದ ಕೋಶಗಳನ್ನು ಸೆಂಟ್ರಿಫ್ಯೂಜ್ ಮಾಡಿ, ಸ್ಟೆರೈಲ್ ಸಲೈನ್‌ನಲ್ಲಿ ಎರಡು ಸಲ ತೊಳೆದು ಆಮೇಲೆ ಹಾಕಿ.

30 ಡಿಗ್ರಿ, 200 ಆರ್‌ಪಿಎಂ, ಐದಾರು ದಿನ. ಅಮೋನಿಯಂ ಖರ್ಚಾದಂತೆ ಪಿಹೆಚ್ ಇಳಿಯುತ್ತದೆ. 4ಕ್ಕಿಂತ ಕೆಳಗೆ ಹೋದರೆ ಸ್ಟೆರೈಲ್ ಸೋಡಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಮೇಲೆ ತನ್ನಿ. ದಿನಾ ಒಂದು ಹನಿ ಮೈಕ್ರೋಸ್ಕೋಪಿನಲ್ಲಿ ನೋಡಿ. ಮೂರನೇ ದಿನದ ಹೊತ್ತಿಗೆ ಕೋಶದೊಳಗೆ ಹೊಳೆಯುವ ಎಣ್ಣೆ ಹನಿಗಳು ಕಾಣಬೇಕು. ಸುಡಾನ್ ಬ್ಲ್ಯಾಕ್ ಹಾಕಿದರೆ ನೀಲಿ-ಕಪ್ಪಾಗಿ ಇನ್ನೂ ಚೆನ್ನಾಗಿ ಕಾಣುತ್ತದೆ, ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್ ಇದ್ದರೆ ನೈಲ್ ರೆಡ್. ಯಾವಾಗ ನಿಲ್ಲಿಸಬೇಕು? ಡಿಎನ್‌ಎಸ್ ಟೆಸ್ಟಿನಲ್ಲಿ ಸಕ್ಕರೆ ನೋಡುತ್ತಿರಿ, ಲೀಟರಿಗೆ 5 ಗ್ರಾಂ ಹತ್ತಿರ ಬಂದಾಗ ನಿಲ್ಲಿಸಿ. ಸಕ್ಕರೆ ಪೂರ್ತಿ ಮುಗಿದರೆ ಯೀಸ್ಟ್ ತಾನು ಕೂಡಿಟ್ಟ ಕೊಬ್ಬನ್ನೇ ತಿನ್ನಲು ಶುರು ಮಾಡುತ್ತದೆ. ಭಾನುವಾರ ಬಂತು, ಸೋಮವಾರ ನೋಡೋಣ ಅಂತ ಬಿಟ್ಟರೆ ಅಷ್ಟೇ.

ಕಾಕಂಬಿಯಲ್ಲಿ ಬೆಳೆಸಬಹುದಾ? ಬೆಳೆಸಬಹುದು. ಆದರೆ ಅದರಲ್ಲೇ ಸ್ವಲ್ಪ ಸಾರಜನಕ ಇರುತ್ತದೆ, ಅದನ್ನು ಅಳೆಯದೆ ಅನುಪಾತ ಹೇಳಬೇಡಿ. ಬಯೋಡೀಸೆಲ್ ಘಟಕದ ಕಚ್ಚಾ ಗ್ಲಿಸರಾಲ್ ಸಿಕ್ಕರೆ ಅದು ಇನ್ನೂ ಚೆಂದ. ಮೊದಲು ಆಸಿಡ್ ಹಾಕಿ ಪಿಹೆಚ್ 2ರ ಹತ್ತಿರ ತನ್ನಿ, ಸೋಪು ಒಡೆದು ಫ್ಯಾಟಿ ಆಸಿಡ್ ಮೇಲೆ ತೇಲುತ್ತದೆ, ಅದನ್ನು ತೆಗೆಯಿರಿ. ಉಳಿದಿರುವ ಮೆಥನಾಲನ್ನು, ವ್ಯಾಕ್ಯೂಮ್ ಕೊಟ್ಟು ಆವಿ ಮಾಡುವ ಯಂತ್ರವಾದ ರೋಟವೇಪರ್‌ನಲ್ಲಿ ಹೊರಗೆ ಹಾಕಿ, ಆಮೇಲೆ ಪಿಹೆಚ್ ಸರಿಮಾಡಿ.

ಎಣ್ಣೆ ತೆಗೆಯುವುದು

ಇಲ್ಲಿಂದ ಮುಂದೆ ಒಂದೇ ಶತ್ರು: ನೀರು. ಅದರ ಹಿಂದೆಯೇ ಬಿಡಿ ಫ್ಯಾಟಿ ಆಸಿಡ್.

ಸೆಂಟ್ರಿಫ್ಯೂಜ್ ಮಾಡಿ, ಡಿಸ್ಟಿಲ್ಡ್ ವಾಟರಿನಲ್ಲಿ ಎರಡು ಸಲ ತೊಳೆಯಿರಿ. ತಕ್ಷಣ 60 ಡಿಗ್ರಿ ಓವನ್‌ನಲ್ಲಿ ರಾತ್ರಿಯಿಡೀ ಇಡುವುದು ಎಲ್ಲರ ಅಭ್ಯಾಸ. ಅದಕ್ಕೆ ಮುಂಚೆ ಕೋಶಗಳನ್ನು 80-85 ಡಿಗ್ರಿ ನೀರಿನಲ್ಲಿ 15-20 ನಿಮಿಷ ಇಟ್ಟು ತೆಗೆಯಿರಿ. ನಿಧಾನವಾಗಿ ಒಣಗುವಾಗ ಕೋಶದೊಳಗಿನ ಲಿಪೇಸ್ ಕಿಣ್ವ ಸುಮ್ನೆ ಕೂರುವುದಿಲ್ಲ, ಟ್ರೈಗ್ಲಿಸರೈಡನ್ನು, ಅಂದರೆ ಕೂಡಿಟ್ಟ ಕೊಬ್ಬನ್ನು, ಒಡೆದು ಫ್ಯಾಟಿ ಆಸಿಡ್ ಮಾಡುತ್ತದೆ. ಬಿಸಿಯಲ್ಲಿ ಅದರ ಕಥೆ ಮುಗಿಯುತ್ತದೆ. ಲಯೊಫಿಲೈಸರ್ (ಹೆಪ್ಪುಗಟ್ಟಿಸಿ ಒಣಗಿಸುವ ಯಂತ್ರ) ಇದ್ದರೆ ಓವನ್ ಬಿಟ್ಟು ಅದನ್ನೇ ಬಳಸಿ.

ಯೀಸ್ಟಿನ ಕೋಶಗೋಡೆ ಗಟ್ಟಿ, ಸಾಲ್ವೆಂಟ್ ಹಾಕಿದ ಮಾತ್ರಕ್ಕೆ ಎಣ್ಣೆ ಬಿಡುವುದಿಲ್ಲ. 4 ಮೋಲಾರ್ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಕುದಿಸಿ ಒಡೆಯುವ ವಿಧಾನ ಎಲ್ಲ ಕಡೆ ಇದೆ. ಕೊಬ್ಬು ಎಷ್ಟು ಶೇಕಡ ಇದೆ ಅಂತ ಅಳೆಯಲು ಅದು ಚೆನ್ನಾಗಿದೆ. ಬಯೋಡೀಸೆಲ್ ಮಾಡುವ ಎಣ್ಣೆಗೆ ನನಗೆ ಇಷ್ಟವಿಲ್ಲ, ಆಸಿಡ್‌ನಲ್ಲಿ ಕುದಿಸಿದರೆ ಬಿಡಿ ಫ್ಯಾಟಿ ಆಸಿಡ್ ಇನ್ನೂ ಜಾಸ್ತಿಯಾಗುತ್ತದೆ. 0.5 ಮಿಲಿಮೀಟರ್ ಗಾಜಿನ ಮಣಿ ಹಾಕಿ ಬೀಡ್ ಬೀಟರ್‌ನಲ್ಲಿ ಒಡೆಯಿರಿ. ಅದಿಲ್ಲದಿದ್ದರೆ ಒಣ ಕೋಶವನ್ನು ಲಿಕ್ವಿಡ್ ನೈಟ್ರೋಜನ್ ಹಾಕಿ ಕಲ್ಬತ್ತಿನಲ್ಲಿ ಅರೆಯಿರಿ.

ಸಾಲ್ವೆಂಟ್‌ಗೆ ಎರಡು ದಾರಿ. ಶೇಕಡ ಅಳೆಯಲು 1957ರ ಫೋಲ್ಚ್ ವಿಧಾನ, ಕ್ಲೋರೋಫಾರ್ಮ್ ಎರಡು ಪಾಲು, ಮೆಥನಾಲ್ ಒಂದು ಪಾಲು. ಸ್ವಲ್ಪ ಕೋಶಕ್ಕೆ ಮಾತ್ರ. ಹೆಚ್ಚು ಎಣ್ಣೆಗೆ ಹೆಕ್ಸೇನ್ ಮೂರು ಪಾಲು, ಐಸೊಪ್ರೊಪನಾಲ್ ಎರಡು ಪಾಲು. ಕ್ಲೋರೋಫಾರ್ಮ್‌ನಷ್ಟು ವಿಷ ಅಲ್ಲ, ಬೆಲೆಯೂ ಪರವಾಗಿಲ್ಲ. ಗ್ರಾಂ ಕೋಶಕ್ಕೆ 20 ಎಂಎಲ್, ಎರಡು ಮೂರು ಸಲ, ಒಂದೊಂದು ಸಲಕ್ಕೂ ಒಂದೆರಡು ಗಂಟೆ ಕಲಕಿ. ಸೋಸಿ, ಉಪ್ಪುನೀರಿನಲ್ಲಿ ತೊಳೆದು, ಮೇಲಿನ ಪದರವನ್ನು ನೀರಿಲ್ಲದ ಸೋಡಿಯಂ ಸಲ್ಫೇಟ್ ಮೇಲೆ ಹಾಯಿಸಿ, ರೋಟವೇಪರ್‌ನಲ್ಲಿ ಸಾಲ್ವೆಂಟ್ ತೆಗೆಯಿರಿ.

ಕೈಗೆ ಬರುವುದು ಕಿತ್ತಳೆ ಬಣ್ಣದ, ಸ್ವಲ್ಪ ಅಂಟಂಟಾದ ಎಣ್ಣೆ. ಅಂಟಿಗೆ ಕಾರಣ ಫಾಸ್ಫೋಲಿಪಿಡ್. ಇವು ರಿಯಾಕ್ಷನ್ ಮುಗಿದ ಮೇಲೆ ಎಮಲ್ಷನ್ ಮಾಡಿ ಪದರ ಬೇರೆಯಾಗದ ಹಾಗೆ ಮಾಡುತ್ತವೆ. ಸಣ್ಣ ಪ್ರಮಾಣಕ್ಕೆ ಸುಲಭ ಉಪಾಯ ತಣ್ಣಗಿನ ಅಸಿಟೋನ್: ಟ್ರೈಗ್ಲಿಸರೈಡ್ ಕರಗುತ್ತದೆ, ಫಾಸ್ಫೋಲಿಪಿಡ್ ತಳಕ್ಕೆ ಕೂರುತ್ತದೆ. ಸೆಂಟ್ರಿಫ್ಯೂಜ್ ಮಾಡಿ ಮೇಲಿನದನ್ನು ತೆಗೆದುಕೊಂಡು ಅಸಿಟೋನ್ ಆವಿ ಮಾಡಿ.

ಈಗ ಆಸಿಡ್ ವ್ಯಾಲ್ಯೂ, ಅಂದರೆ ಎಣ್ಣೆಯಲ್ಲಿ ಬಿಡಿ ಫ್ಯಾಟಿ ಆಸಿಡ್ ಎಷ್ಟಿದೆ ಅನ್ನುವ ಅಳತೆ. ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. 1 ಗ್ರಾಂ ಎಣ್ಣೆಯನ್ನು ನ್ಯೂಟ್ರಲ್ ಮಾಡಿದ ಐಸೊಪ್ರೊಪನಾಲ್-ಟಾಲ್ವೀನ್‌ನಲ್ಲಿ ಕರಗಿಸಿ, ಫಿನಾಲ್ಫ್ಥಲೀನ್ ಹಾಕಿ, 0.1 ನಾರ್ಮಲ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಿಂದ ಟೈಟ್ರೇಟ್ ಮಾಡಿ. ಎಣ್ಣೆಗೇ ಬಣ್ಣ ಇರುವುದರಿಂದ ಗುಲಾಬಿ ಗುರುತಿಸುವುದು ಕಷ್ಟ, ತೆಳು ಮಾಡಿಕೊಳ್ಳಿ ಅಥವಾ ಪಿಹೆಚ್ ಮೀಟರ್ ಇಟ್ಟು ನೋಡಿ. 1.5 ಎಂಎಲ್ ಖರ್ಚಾಯಿತು ಅಂದುಕೊಳ್ಳಿ. 1.5 × 0.1 × 56.1 ಅಂದರೆ 8.4. ಅದರ ಅರ್ಧ, ಸುಮಾರು 4.2 ಶೇಕಡ ಬಿಡಿ ಫ್ಯಾಟಿ ಆಸಿಡ್. ಸುಣ್ಣದ ಕ್ಯಾಟಲಿಸ್ಟಿಗೆ ಇದು ಜಾಸ್ತಿ. 1 ಶೇಕಡದ ಆಸುಪಾಸು ಅಥವಾ ಕಮ್ಮಿ ಇದ್ದರೆ ಮಾತ್ರ ನೇರವಾಗಿ ಹೋಗಿ. ಹೆಚ್ಚಿದ್ದರೆ ಎಣ್ಣೆಯ ತೂಕದ 1 ಶೇಕಡ ಸಲ್ಫ್ಯೂರಿಕ್ ಆಸಿಡ್ ಬೆರೆಸಿದ ಮೆಥನಾಲ್‌ನಲ್ಲಿ 60 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಡಿ, ಆ ಫ್ಯಾಟಿ ಆಸಿಡ್ ಕೂಡ ಮೀಥೈಲ್ ಎಸ್ಟರ್ ಆಗುತ್ತದೆ. ನಂತರ ಆಸಿಡ್ ಪೂರ್ತಿ ಹೋಗುವ ತನಕ ತೊಳೆಯಿರಿ, ಉಳಿದರೆ ನಿಮ್ಮ ಸುಣ್ಣವನ್ನೇ ತಿಂದುಹಾಕುತ್ತದೆ. ಕೊನೆಗೆ ವ್ಯಾಕ್ಯೂಮ್‌ನಲ್ಲಿ ಬಿಸಿಮಾಡಿ ಒಣಗಿಸಿ.

ನೀರಿನ ಬಗ್ಗೆ ಇಷ್ಟೊಂದು ಯಾಕೆ ಹೇಳುತ್ತಿದ್ದೇನೆ ಅಂದರೆ, ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. 10 ಗ್ರಾಂ ಎಣ್ಣೆಯಲ್ಲಿ 1 ಶೇಕಡ ನೀರು ಅಂದರೆ 0.1 ಗ್ರಾಂ, 5.5 ಮಿಲಿಮೋಲ್. ನೀವು ಹಾಕುವ ಕ್ಯಾಲ್ಸಿಯಂ ಆಕ್ಸೈಡ್ 0.4 ಗ್ರಾಂ, ಬರೀ 7 ಮಿಲಿಮೋಲ್. ಮುಕ್ಕಾಲು ಭಾಗ ಕ್ಯಾಟಲಿಸ್ಟನ್ನು ನೀರು ಸುಣ್ಣದ ಹೈಡ್ರಾಕ್ಸೈಡ್ ಮಾಡಿಬಿಡಬಹುದು. ಸ್ವಲ್ಪ ನೀರು ಇದ್ದರೆ ರಿಯಾಕ್ಷನ್ ಚುರುಕಾಗುತ್ತದೆ ಅನ್ನುವ ವರದಿಗಳೂ ಇವೆ, ನಿಜ. ಅವು ಶುದ್ಧ ಸೋಯಾ ಎಣ್ಣೆಯಂಥವುಗಳ ಮೇಲೆ. ಯೀಸ್ಟ್ ಎಣ್ಣೆಯಲ್ಲಿ ಫ್ಯಾಟಿ ಆಸಿಡ್ ಜೊತೆ ನೀರೂ ಸೇರಿದರೆ ಸೋಪೇ ಗತಿ.

ಸುಣ್ಣ ಸುಡುವುದು

ಯೀಸ್ಟ್ ಬೆಳೆಯುತ್ತಿರುವಾಗಲೇ ಈ ಕೆಲಸ ಮುಗಿಸಿಕೊಳ್ಳಿ. ಕರಾವಳಿಯಲ್ಲಿ ಕಪ್ಪೆಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರಲ್ಲ, ನಾವು ಮಾಡುವುದೂ ಅದೇ ರಸಾಯನಶಾಸ್ತ್ರ. ಮೊಟ್ಟೆ ಚಿಪ್ಪಿನಲ್ಲಿ 94-95 ಶೇಕಡ ಕ್ಯಾಲ್ಸಿಯಂ ಕಾರ್ಬೊನೇಟ್ ಇದೆ. ಹಾಸ್ಟೆಲ್ ಮೆಸ್ಸಿನಲ್ಲಿ ಕೇಳಿದರೆ ಚೀಲಗಟ್ಟಲೆ ಸಿಗುತ್ತದೆ.

ಚಿಪ್ಪನ್ನು ಕುದಿಯುವ ನೀರಿನಲ್ಲಿ ಹಾಕಿ ಒಳಗಿನ ಪೊರೆ ಬಿಡಿಸಿ. 105 ಡಿಗ್ರಿಯಲ್ಲಿ ಒಣಗಿಸಿ, ಮಿಕ್ಸಿಯಲ್ಲಿ ಪುಡಿ ಮಾಡಿ, ಜರಡಿ ಹಿಡಿಯಿರಿ. ಕ್ರೂಸಿಬಲ್‌ನಲ್ಲಿ ಹಾಕಿ ಮಫಲ್ ಫರ್ನೇಸ್‌ನಲ್ಲಿ 900 ಡಿಗ್ರಿ, 3-4 ಗಂಟೆ. 100 ಗ್ರಾಂ ಶುದ್ಧ ಕಾರ್ಬೊನೇಟ್ 56 ಗ್ರಾಂ ಆಗಬೇಕು, ಉಳಿದದ್ದು ಕಾರ್ಬನ್ ಡೈಆಕ್ಸೈಡ್ ಆಗಿ ಹೋಗುತ್ತದೆ. ಚಿಪ್ಪಿನ ತೂಕ ಹೀಗೆ ಇಳಿಯದಿದ್ದರೆ ಒಳಗೆ ಇನ್ನೂ ಬೆಂದಿಲ್ಲ.

ಇದಿನ್ನೂ ನ್ಯಾನೋ ಅಲ್ಲ. ಇದನ್ನು 60 ಡಿಗ್ರಿಯ ಡಿಸ್ಟಿಲ್ಡ್ ವಾಟರಿನಲ್ಲಿ 6 ಗಂಟೆ ಕಲಕಿ. ಹಾಕುವಾಗ ಸ್ವಲ್ಪ ಸ್ವಲ್ಪವೇ ಹಾಕಿ, ಸುಟ್ಟ ಸುಣ್ಣ ನೀರಿಗೆ ಬಿದ್ದರೆ ಕುದಿದು ಸಿಡಿಯುತ್ತದೆ. ಆಕ್ಸೈಡ್ ಈಗ ಹೈಡ್ರಾಕ್ಸೈಡ್ ಆಗುತ್ತದೆ, ದೊಡ್ಡ ಕಣಗಳು ಒಡೆಯುತ್ತವೆ. ಸೋಸಿ, 120 ಡಿಗ್ರಿಯಲ್ಲಿ ಒಣಗಿಸಿ, ಅರೆದು, ಮತ್ತೆ 700 ಡಿಗ್ರಿಯಲ್ಲಿ 3 ಗಂಟೆ ಸುಡಿ. ನೀರು ಹೊರಗೆ ಹೋಗುವಾಗ ಕಣದಲ್ಲಿ ರಂಧ್ರಗಳು ಉಳಿಯುತ್ತವೆ, ಮೇಲ್ಮೈ ಹೆಚ್ಚುತ್ತದೆ. ಎರಡನೇ ಸಲವೂ 900ಕ್ಕೆ ಏರಿಸಿದರೆ ಕಣಗಳು ಮತ್ತೆ ಅಂಟಿಕೊಂಡು ದಪ್ಪ ಆಗುತ್ತವೆ, ಅಷ್ಟೂ ಕೆಲಸ ವ್ಯರ್ಥ. ಇನ್ನೂ ಸಣ್ಣ, ಒಂದೇ ಅಳತೆಯ ಕಣ ಬೇಕಾದರೆ ಕ್ಯಾಲ್ಸಿಯಂ ನೈಟ್ರೇಟನ್ನು ಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಇಳಿಸುವ ವಿಧಾನ ಇದೆ. ಮೊದಲ ಪ್ರಾಜೆಕ್ಟಿಗೆ ಚಿಪ್ಪೇ ಸಾಕು.

ನ್ಯಾನೋ ಆದರೆ ಏನು ಲಾಭ? ಗೋಲಾಕಾರದ ಕಣ ಅಂತ ಇಟ್ಟುಕೊಂಡರೆ ಒಂದು ಗ್ರಾಂ ಪುಡಿಯ ಮೇಲ್ಮೈ, 6ನ್ನು ಸಾಂದ್ರತೆ ಮತ್ತು ವ್ಯಾಸದ ಗುಣಲಬ್ಧದಿಂದ ಭಾಗಿಸಿದಷ್ಟು. ಕ್ಯಾಲ್ಸಿಯಂ ಆಕ್ಸೈಡ್ ಸಾಂದ್ರತೆ 3.34. 5 ಮೈಕ್ರಾನ್ ಕಣಕ್ಕೆ ಗ್ರಾಂಗೆ 0.36 ಚದರ ಮೀಟರ್, 50 ನ್ಯಾನೋಮೀಟರ್ ಕಣಕ್ಕೆ 36. ನೂರು ಪಟ್ಟು. ಇದು ಲೆಕ್ಕದ ಮಾತು. ನಿಜದಲ್ಲಿ ಕಣಗಳು ಗುಂಪಾಗಿ ಅಂಟಿಕೊಂಡಿರುತ್ತವೆ, ಬಿಇಟಿ ಅಳತೆ (ಅನಿಲ ಹೀರಿಸಿ ಮೇಲ್ಮೈ ಅಳೆಯುವುದು) ಇದಕ್ಕಿಂತ ಸಾಕಷ್ಟು ಕಮ್ಮಿ ಬರುತ್ತದೆ. ಬಂದಷ್ಟನ್ನೇ ಬರೆಯಿರಿ.

ಎಕ್ಸ್‌ಆರ್‌ಡಿ ಬಂದಾಗ 32.2, 37.4, 53.9 ಡಿಗ್ರಿ ಕೋನದಲ್ಲಿ (2θ) ಪೀಕ್ ಇದ್ದರೆ ಕ್ಯಾಲ್ಸಿಯಂ ಆಕ್ಸೈಡ್. 18 ಮತ್ತು 34ರಲ್ಲಿ ಇದ್ದರೆ ಹೈಡ್ರಾಕ್ಸೈಡ್, 29.4ರಲ್ಲಿ ಇದ್ದರೆ ಕಾರ್ಬೊನೇಟ್. ಪೀಕಿನ ಅಗಲದಿಂದ ಲೆಕ್ಕ ಹಾಕುವ ಶೆರರ್ ಸೂತ್ರ ಕೊಡುವುದು ಕ್ರಿಸ್ಟಲೈಟ್ (ಕಣದೊಳಗಿನ ಒಂದೊಂದು ಹರಳು) ಅಳತೆ, ಕಣದ ಅಳತೆ ಅಲ್ಲ. ಇದೊಂದನ್ನು ಗೊತ್ತಿಲ್ಲದೆ ಬರೆದು ಬೈಸಿಕೊಂಡವರು ಬಹಳ ಜನ. ಸ್ಯಾಂಪಲ್ ಕಳಿಸಿ ಅದು ಎರಡು ವಾರ ಯಾರದೋ ಟೇಬಲ್ ಮೇಲೆ ಕೂತಿದ್ದರೆ ಹೈಡ್ರಾಕ್ಸೈಡ್ ಪೀಕ್ ಬಂದೇ ಬರುತ್ತದೆ, ಏಕೆಂದರೆ ಈ ಪುಡಿ ಗಾಳಿಯ ತೇವವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಹೀರುತ್ತಲೇ ಇರುತ್ತದೆ. ಡೆಸಿಕೇಟರ್‌ನಲ್ಲಿ ಇಡಿ. ರಿಯಾಕ್ಷನ್ ಮಾಡುವ ದಿನ ಬೆಳಗ್ಗೆ ಮತ್ತೊಮ್ಮೆ 700ರಲ್ಲಿ ಒಂದು ಗಂಟೆ ಸುಟ್ಟು, ತಣ್ಣಗಾದ ತಕ್ಷಣ ಬಳಸಿ.

ರಿಯಾಕ್ಷನ್

10 ಗ್ರಾಂ ಎಣ್ಣೆ. ಮೋಲಿಕ್ಯುಲರ್ ತೂಕ ಸುಮಾರು 870, ಅಂದರೆ 11.5 ಮಿಲಿಮೋಲ್. ರಿಯಾಕ್ಷನ್‌ಗೆ ಬೇಕಾದ ಮೆಥನಾಲ್ ಮೋಲ್ ಲೆಕ್ಕದಲ್ಲಿ ಎಣ್ಣೆಯ 3 ಪಟ್ಟು, ನಾವು ಹಾಕುವುದು 12 ಪಟ್ಟು, ಮುಂದಕ್ಕೆ ತಳ್ಳಲು. 4.4 ಗ್ರಾಂ, 5.6 ಎಂಎಲ್. ಕ್ಯಾಟಲಿಸ್ಟ್ 0.4 ಗ್ರಾಂ.

50 ಎಂಎಲ್ ರೌಂಡ್ ಬಾಟಮ್ ಫ್ಲಾಸ್ಕಿನಲ್ಲಿ ಮೊದಲು ಮೆಥನಾಲ್ ಮತ್ತು ಕ್ಯಾಟಲಿಸ್ಟ್ ಮಾತ್ರ ಹಾಕಿ, 50 ಡಿಗ್ರಿಯಲ್ಲಿ ಅರ್ಧ ಗಂಟೆ ಕಲಕಿ. ಮೇಲ್ಮೈಯಲ್ಲಿ ಮೆಥಾಕ್ಸೈಡ್ ಆಗುತ್ತದೆ, ಕೆಲಸ ಮಾಡುವುದು ಅದೇ. ಆಮೇಲೆ 60 ಡಿಗ್ರಿಗೆ ಬಿಸಿಮಾಡಿದ ಎಣ್ಣೆ ಹಾಕಿ. ಕಂಡೆನ್ಸರ್, ಅದರ ಮೇಲೆ ಕ್ಯಾಲ್ಸಿಯಂ ಕ್ಲೋರೈಡ್ ಗಾರ್ಡ್ ಟ್ಯೂಬ್. 60ರಿಂದ 65 ಡಿಗ್ರಿ, 3 ಗಂಟೆ. ಮೆಥನಾಲ್ 64.7ಕ್ಕೆ ಕುದಿಯುತ್ತದೆ, ಅದಕ್ಕಿಂತ ಏರಿಸಿ ಪ್ರಯೋಜನ ಇಲ್ಲ. ಎಣ್ಣೆ, ಮೆಥನಾಲ್, ಪುಡಿ ಮೂರೂ ಬೇರೆ ಬೇರೆ ಪದರ, ಹಾಗಾಗಿ ಜೋರಾಗಿ ಕಲಕಬೇಕು, 600 ಆರ್‌ಪಿಎಂಗಿಂತ ಹೆಚ್ಚು. ಮ್ಯಾಗ್ನೆಟ್ ಸುಮ್ನೆ ತಳದಲ್ಲಿ ತಿರುಗುತ್ತಿದ್ದು ಪುಡಿ ಮೂಲೆಯಲ್ಲಿ ಕೂತಿದ್ದರೆ ನ್ಯಾನೋ ಆದರೂ ಒಂದೇ, ಜಲ್ಲಿಕಲ್ಲಾದರೂ ಒಂದೇ.

ಮುಗಿದ ಮೇಲೆ ಫಿಲ್ಟರ್ ಪೇಪರ್ ನಂಬಬೇಡಿ, ಸಣ್ಣ ಕಣ ಅದರಲ್ಲಿ ಹಾದುಹೋಗುತ್ತದೆ. ಸೆಂಟ್ರಿಫ್ಯೂಜ್ ಮಾಡಿ. ಗ್ಲಿಸರಾಲ್ ಸಿಗುವುದು 1 ಗ್ರಾಂ ಅಷ್ಟೇ, ಅದೂ ಕ್ಯಾಟಲಿಸ್ಟಿಗೆ ಅಂಟಿಕೊಂಡಿರುತ್ತದೆ. ಯೂಟ್ಯೂಬಿನಲ್ಲಿ ನೋಡಿದ ಹಾಗೆ ಕೆಳಗೆ ದಪ್ಪ ಪದರ ಕಾಣಲಿಲ್ಲ ಅಂತ ಬೇಜಾರಾಗಬೇಡಿ. ಮೇಲಿನದನ್ನು 10 ಎಂಎಲ್ ಹೆಕ್ಸೇನ್‌ನಲ್ಲಿ ತೆಗೆದುಕೊಂಡು, ಒಮ್ಮೆ 5 ಶೇಕಡ ಸಿಟ್ರಿಕ್ ಆಸಿಡ್ ನೀರಿನಲ್ಲಿ, ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಸೆಪರೇಟಿಂಗ್ ಫನಲನ್ನು ಮೆಲ್ಲಗೆ ತಿರುಗಿಸಿ ಸಾಕು, ಜೋರಾಗಿ ಕುಲುಕಿದರೆ ಮಜ್ಜಿಗೆ ಥರ ಆಗಿ ದಿನವಿಡೀ ಬೇರೆಯಾಗುವುದಿಲ್ಲ. ಸೋಡಿಯಂ ಸಲ್ಫೇಟ್, ರೋಟವೇಪರ್. ಆಯಿತು.

ಆಯಿತೋ ಇಲ್ಲವೋ ನೋಡುವುದು

ಐದು ನಿಮಿಷದ ಟೆಸ್ಟ್: 0.3 ಎಂಎಲ್ ಬಯೋಡೀಸೆಲನ್ನು 2.7 ಎಂಎಲ್ ಮೆಥನಾಲ್‌ಗೆ ಹಾಕಿ ಕುಲುಕಿ. ಮೀಥೈಲ್ ಎಸ್ಟರ್ ಕರಗುತ್ತದೆ, ಬದಲಾಗದ ಎಣ್ಣೆ ತಳಕ್ಕೆ ಇಳಿಯುತ್ತದೆ. ಅದಾದ ಮೇಲೆ ಟಿಎಲ್‌ಸಿ (ತೆಳು ಪದರದ ಪ್ಲೇಟಿನಲ್ಲಿ ಒಂದೊಂದನ್ನೂ ಬೇರ್ಪಡಿಸಿ ನೋಡುವುದು), ಸಾಲ್ವೆಂಟ್ ಹೆಕ್ಸೇನ್ 80 ಪಾಲು, ಡೈಇಥೈಲ್ ಈಥರ್ 20, ಅಸಿಟಿಕ್ ಆಸಿಡ್ 1. ಅಯೋಡಿನ್‌ನಲ್ಲಿ ಇಟ್ಟರೆ ಮೇಲೆ ಎಸ್ಟರ್, ಅದರ ಕೆಳಗೆ ಟ್ರೈಗ್ಲಿಸರೈಡ್, ಇನ್ನೂ ಕೆಳಗೆ ಫ್ಯಾಟಿ ಆಸಿಡ್ ಕಾಣುತ್ತದೆ. ಪಕ್ಕದಲ್ಲಿ ಮೂಲ ಎಣ್ಣೆಯನ್ನೂ ಹಾಕಿ. ಅಂಕಿ ಬೇಕಾದರೆ ಜಿಸಿ (ಗ್ಯಾಸ್ ಕ್ರೊಮಟೋಗ್ರಫಿ) ಅಥವಾ ಪ್ರೋಟಾನ್ ಎನ್‌ಎಂಆರ್. ಎನ್‌ಎಂಆರ್‌ನಲ್ಲಿ 3.66ರ ಮೆಥಾಕ್ಸಿ ಪೀಕಿನ ವಿಸ್ತೀರ್ಣದ ಎರಡು ಪಟ್ಟನ್ನು 2.3ರ ಪೀಕಿನ ಮೂರು ಪಟ್ಟಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಕನ್ವರ್ಷನ್. ಕನ್ವರ್ಷನ್ (ಎಷ್ಟು ಎಣ್ಣೆ ಎಸ್ಟರ್ ಆಯಿತು) ಬೇರೆ, ಯೀಲ್ಡ್ (ಕೊನೆಗೆ ಕೈಗೆ ಎಷ್ಟು ಸಿಕ್ಕಿತು) ಬೇರೆ. ತೊಳೆಯುವಾಗ ಅರ್ಧ ಚೆಲ್ಲಿದರೂ ಕನ್ವರ್ಷನ್ 95 ಬರಬಹುದು. ಯುರೋಪಿನ ಬಯೋಡೀಸೆಲ್ ಮಾನದಂಡ ಇಎನ್ 14214 ಪ್ರಕಾರ ಎಸ್ಟರ್ ಕನಿಷ್ಠ 96.5 ಶೇಕಡ ಇರಬೇಕು, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಎರಡೂ ಸೇರಿ ಕಿಲೋಗೆ 5 ಮಿಲಿಗ್ರಾಂ ದಾಟಬಾರದು. ನಮ್ಮಲ್ಲಿ ಅದಕ್ಕೆ ಐಎಸ್ 15607 ಇದೆ.

ಆ ಕ್ಯಾಲ್ಸಿಯಂ ಮಿತಿಯೇ ಈ ಕ್ಯಾಟಲಿಸ್ಟಿನ ಬಲಹೀನತೆ. ಕ್ಯಾಲ್ಸಿಯಂ ಆಕ್ಸೈಡ್ ಘನ ಅಂತ ನಾವು ಹೇಳುತ್ತೇವೆ, ಆದರೆ ಸ್ವಲ್ಪ ಸ್ವಲ್ಪ ಕರಗುತ್ತಲೇ ಇರುತ್ತದೆ. ಎಷ್ಟು ಕೆಲಸ ಘನ ಮಾಡಿತು, ಎಷ್ಟು ಕರಗಿದ್ದು ಮಾಡಿತು? ತಿಳಿಯಲು ಅರ್ಧ ಗಂಟೆಗೆ ರಿಯಾಕ್ಷನ್ ನಿಲ್ಲಿಸಿ, ಬಿಸಿಯಿರುವಾಗಲೇ ಕ್ಯಾಟಲಿಸ್ಟ್ ತೆಗೆದು, ಉಳಿದ ದ್ರವವನ್ನು ಮತ್ತೆ ಎರಡು ಗಂಟೆ ಬಿಸಿಮಾಡಿ. ಕನ್ವರ್ಷನ್ ಏರುತ್ತಲೇ ಇದ್ದರೆ ಕರಗಿದ್ದೂ ಕೆಲಸ ಮಾಡುತ್ತಿದೆ. ಇದನ್ನು ಸೂರ್ಯಕಾಂತಿ ಎಣ್ಣೆಯಲ್ಲೇ ಮಾಡಿ. ಮತ್ತೆ ಬಳಸುವ ಪರೀಕ್ಷೆಗೆ ಕ್ಯಾಟಲಿಸ್ಟನ್ನು ಮೆಥನಾಲ್, ಹೆಕ್ಸೇನ್‌ನಲ್ಲಿ ತೊಳೆದು 700ರಲ್ಲಿ ಸುಟ್ಟು ಹಾಕಿ. ಪ್ರತಿ ಸಲ ಸ್ವಲ್ಪ ಇಳಿಯುತ್ತದೆ, ಇಳಿಯದೇ ಇದ್ದರೆ ನಿಮ್ಮ ಅಳತೆಯನ್ನೇ ಅನುಮಾನಿಸಿ.

ಕಂಟ್ರೋಲ್ ಇಲ್ಲದೆ ‘ನ್ಯಾನೋ ಉತ್ತಮ’ ಅಂತ ಬರೆಯಬೇಡಿ. ಕ್ಯಾಟಲಿಸ್ಟ್ ಇಲ್ಲದ್ದು ಒಂದು, ಒಂದೇ ಸಲ 900ರಲ್ಲಿ ಸುಟ್ಟ ಸಾಧಾರಣ ಪುಡಿ ಅಷ್ಟೇ ತೂಕದ್ದು ಒಂದು, ನ್ಯಾನೋ ಒಂದು. ಮೂರನ್ನೂ 3 ಗಂಟೆಗೆ ಮಾತ್ರ ನೋಡಿದರೆ ಕೊನೆಯ ಎರಡು ಹತ್ತಿರ ಹತ್ತಿರ ಬರಬಹುದು. 30, 60, 90 ನಿಮಿಷದಲ್ಲಿ ಸ್ಯಾಂಪಲ್ ತೆಗೆಯಿರಿ, ವ್ಯತ್ಯಾಸ ಇದ್ದರೆ ಅಲ್ಲೇ ಕಾಣುವುದು.

ವೈವಾದಲ್ಲಿ ದುಡ್ಡಿನ ಪ್ರಶ್ನೆ ಬರುತ್ತದೆ, ತಪ್ಪಿಸಿಕೊಳ್ಳಬೇಡಿ. ಗ್ಲೂಕೋಸಿನಿಂದ ಎಣ್ಣೆ ಸಿದ್ಧಾಂತದ ಪ್ರಕಾರ ಗ್ರಾಂಗೆ 0.32-0.33 ಗ್ರಾಂ, ಒಳ್ಳೇ ಫರ್ಮೆಂಟೇಷನ್‌ನಲ್ಲಿ 0.2 ಆಸುಪಾಸು, ನಿಮ್ಮ ಫ್ಲಾಸ್ಕಿನಲ್ಲಿ ಅದರ ಅರ್ಧವೂ ಇಲ್ಲ. 0.2 ಅಂತಲೇ ಹಿಡಿದರೂ ಕಿಲೋ ಎಣ್ಣೆಗೆ 5 ಕಿಲೋ ಸಕ್ಕರೆ, ಕಿಲೋ 40 ರೂಪಾಯಿಯಂತೆ ಹಾಕಿದರೂ 200 ರೂಪಾಯಿ. ಬಂಕಿನಲ್ಲಿ ಡೀಸೆಲ್ ಲೀಟರಿಗೆ 90ರ ಆಸುಪಾಸು. ಸಾಲ್ವೆಂಟ್, ಕರೆಂಟ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2030ಕ್ಕೆ ಡೀಸೆಲ್‌ನಲ್ಲಿ 5 ಶೇಕಡ ಬಯೋಡೀಸೆಲ್ ಬೆರೆಸುವ ಗುರಿ ಇಟ್ಟಿದೆ, ಅದಕ್ಕೆ ಸದ್ಯ ಒದಗುವುದು ಹೋಟೆಲಿನ ಕರಿದ ಎಣ್ಣೆಯಂಥವೇ. ಯೀಸ್ಟಿಗೆ ಅವಕಾಶ ಇರುವುದು ಕಚ್ಚಾ ಗ್ಲಿಸರಾಲ್, ಡೇರಿಯ ನೀರು, ಕೃಷಿ ತ್ಯಾಜ್ಯದ ಸಕ್ಕರೆಯಂಥ ಅಗ್ಗದ ಆಹಾರದಲ್ಲಿ. ಜೊತೆಗೆ ಆ ಕಿತ್ತಳೆ ಬಣ್ಣದ ಕ್ಯಾರೊಟಿನಾಯ್ಡ್ ಎಣ್ಣೆಗಿಂತ ಬೆಲೆಬಾಳುತ್ತದೆ, ಅದನ್ನು ಬೇರೆ ತೆಗೆಯುವ ಪ್ಲಾನ್ ಹೇಳಿದರೆ ಪ್ರಶ್ನೆ ಕೇಳಿದವರೂ ತಲೆಯಾಡಿಸುತ್ತಾರೆ.

ಲ್ಯಾಬ್ ಬಿಡುವ ಮುಂಚೆ ಕ್ಲೋರೋಫಾರ್ಮನ್ನು ಬೇರೆ ಬಾಟಲಿಗೆ, ಹೆಕ್ಸೇನ್-ಮೆಥನಾಲನ್ನು ಬೇರೆ ಬಾಟಲಿಗೆ ಹಾಕಿ, ಹೆಸರು ಬರೆದಿಡಿ, ಸಿಂಕಿಗೆ ಬೇಡ. ಎಣ್ಣೆ ತೆಗೆದು ಉಳಿದ ಯೀಸ್ಟ್ ಪುಡಿಯನ್ನು ಎಸೆಯಬೇಡಿ. ಸಾಲ್ವೆಂಟ್ ಆರಿದ ಮೇಲೆ ಅದರ ಸಾರಜನಕ ಅಳೆದು ನೋಡಿ. ಮುಂದಿನ ಬ್ಯಾಚಿಗೆ ಯೀಸ್ಟ್ ಎಕ್ಸ್‌ಟ್ರಾಕ್ಟ್ ಬದಲು ಅದನ್ನೇ ಹಾಕಬಹುದಾ ಅಂತ ನಿಮ್ಮ ಜೂನಿಯರ್ಸ್ ಪ್ರಯತ್ನಿಸಲಿ.